ಹೆಪ್ಪುಗಟ್ಟುವ ನೆಲದಲ್ಲಿ ಗೊಬ್ಬರದ ಗೂಟ: ಮೂರು ಮೇಪಲ್ ಮರಗಳ ಪ್ರಕರಣ

ಪ್ರಕರಣದಲ್ಲಿ ಇರುವುದು ಮೂರು ಕೆಂಪು ಮೇಪಲ್ ಮರಗಳು. ಜಾಗ ಉತ್ತರ ಗೋಳಾರ್ಧದ ಚಳಿ ಪ್ರದೇಶ. ನವೆಂಬರ್ ಕೊನೆಗೆ ಹೆಪ್ಪುಗಟ್ಟುವ ನೆಲ ಪೂರ್ತಿ ಸಡಿಲವಾಗಬೇಕಾದರೆ ಏಪ್ರಿಲ್ ಮುಗಿಯಬೇಕು. ಮೂರೂ ಗಿಡಗಳನ್ನು ಒಂದೇ ನರ್ಸರಿಯಿಂದ ತಂದು, ಒಂದೇ ವಸಂತದಲ್ಲಿ ಒಂದೇ ಸಾಲಿಗೆ ನೆಟ್ಟಿದ್ದರು. ಆಗ ಕಾಂಡದ ವ್ಯಾಸ ಸುಮಾರು 5 ಸೆಂಟಿಮೀಟರ್ ಇತ್ತು, ಈಗ ಅದರ ಇಮ್ಮಡಿ. ಮೊದಲನೆಯ ಮರ ಕಾರು ಬಂದು ಹೋಗುವ ಕಾಂಕ್ರೀಟ್ ದಾರಿಯ ಪಕ್ಕದಲ್ಲೇ ಇದೆ. ಎರಡನೆಯದು ಹುಲ್ಲುಹಾಸಿನ ನಡುವೆ. ಮೂರನೆಯದು ಸಾಲಿನ ಕೊನೆಯಲ್ಲಿ, ಪೊದೆಗಿಡಗಳ ಪಾತಿಯೊಳಗೆ. ಅದರ ಬುಡದ ಸುತ್ತ ತೊಗಟೆ ಚೂರಿನ ಹೊದಿಕೆ ಇದೆ, ಹುಲ್ಲಿಲ್ಲ. ಮರಗಳು ಒಂದೇ, ಜಾಗಗಳು ಬೇರೆ. ಈ ವ್ಯತ್ಯಾಸ ಇಲ್ಲದಿದ್ದರೆ ಪ್ರಕರಣದ ಗಂಟು ಬಿಚ್ಚುವುದು ಬಹಳ ಕಷ್ಟವಾಗುತ್ತಿತ್ತು.

ಮನೆಯವರ ದೂರು ಎರಡು. ಜೂನ್ ಬಂದರೆ ಎಲೆಗಳು ಹಳದಿಯಾಗುತ್ತವೆ. ಚಳಿಗಾಲ ಕಳೆದು ನೋಡಿದರೆ ರೆಂಬೆಗಳ ತುದಿ ಸತ್ತು ಕಪ್ಪಾಗಿರುತ್ತದೆ. ಎರಡಕ್ಕೂ ಅವರು ಒಂದೇ ಕಾರಣ ಕಂಡುಕೊಂಡಿದ್ದರು: ಮರ ಹಸಿದಿದೆ, ಹಸಿದ ಮರ ಚಳಿಯನ್ನು ತಡೆದುಕೊಳ್ಳಲಾರದು. ಹಾಗೆಂದು ಅವರು ಆರಿಸಿಕೊಂಡದ್ದು ನಿಧಾನವಾಗಿ ಕರಗುವ ಗೊಬ್ಬರದ ಗೂಟಗಳನ್ನು. ನನ್ನನ್ನು ಕರೆಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ವರ್ಷ ಮರಕ್ಕೆ ಎಷ್ಟು ಗೂಟ ಹೆಚ್ಚಿಸಬೇಕು?

ಗೂಟವೆಂದರೆ ಸಾರಜನಕ, ರಂಜಕ, ಪೊಟ್ಯಾಶ್‌ಗಳನ್ನು ಅಂಟು ಪದಾರ್ಥದೊಂದಿಗೆ ಒತ್ತಿ ಮಾಡಿದ ಮೊನಚಾದ ಕಡ್ಡಿ. ಮೇಲೊಂದು ಪ್ಲಾಸ್ಟಿಕ್ ಟೋಪಿ ಇಟ್ಟು ಸುತ್ತಿಗೆಯಿಂದ ನೆಲಕ್ಕೆ ಹೊಡೆಯುವುದು, ರೆಂಬೆಗಳು ಚಾಚಿದ ಅಂಚಿನ ಕೆಳಗೆ ಸುತ್ತಲೂ ಹೂಳುವುದು, ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ. ಇಲ್ಲಿ ಬಳಸಿದ ಗೂಟದ ತೂಕ ಸುಮಾರು 100 ಗ್ರಾಂ, ಅದರಲ್ಲಿ ಸಾರಜನಕ ಶೇ. 16. ಪೊಟ್ಟಣದ ಮೇಲಿನ ಸೂಚನೆಯಂತೆ ಮರಕ್ಕೆ ನಾಲ್ಕು ಗೂಟ. ಹೊಲಸಿಲ್ಲ, ವಾಸನೆಯಿಲ್ಲ, ಅಳತೆ ಮಾಡುವ ತೊಂದರೆಯಿಲ್ಲ. ಇದನ್ನು ಜನ ಇಷ್ಟಪಡುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ.

ಹಿಂದಿನ ವರ್ಷದ ಕಥೆಯನ್ನು ಮನೆಯೊಡತಿ ನೆನಪಿನಿಂದ ಕ್ರಮವಾಗಿ ಹೇಳಿದರು. ಏಪ್ರಿಲ್‌ನಲ್ಲಿ ಹಿಮ ಕರಗಿ ಮೇಲ್ಮಣ್ಣು ಮೆತ್ತಗಾದ ಕೂಡಲೇ ಗೂಟ ಹೊಡೆಯಲು ಹೋದರು. ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಗೂಟಗಳು ಮುರಿದವು, ಏಕೆಂದರೆ ಕೆಳಗೆ ನೆಲ ಇನ್ನೂ ಹೆಪ್ಪುಗಟ್ಟಿತ್ತು. ಮೇ ಮೊದಲ ವಾರ ಮತ್ತೆ ಹೊಡೆದರು, ಈ ಸಲ ಇಳಿದವು. ತಿಂಗಳು ಕಳೆದರೂ ಮರದಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಮೇಲಾಗಿ ಎಲೆ ಹಳದಿಯಾಗತೊಡಗಿತು. ಜೂನ್ ಮಧ್ಯದಲ್ಲಿ ಎರಡನೆಯ ಸುತ್ತು ಹೊಡೆದರು. ಅಷ್ಟರಲ್ಲಿ ಪೊಟ್ಟಣ ಖಾಲಿಯಾದ್ದರಿಂದ ಮೂರನೆಯ ಮರಕ್ಕೆ ಈ ಸುತ್ತು ಸಿಗಲಿಲ್ಲ. ಆಗಸ್ಟ್‌ನಲ್ಲಿ ಮೊದಲ ಎರಡು ಮರಗಳ ತುದಿಯಲ್ಲಿ ಹೊಸ ಚಿಗುರು ಉಕ್ಕಿ ಬಂತು. ಗೊಬ್ಬರ ಕೆಲಸ ಮಾಡಿತೆಂದು ಮನೆಯವರು ಸಂತೋಷಪಟ್ಟರು. ಸೆಪ್ಟೆಂಬರ್‌ನಲ್ಲಿ ಮೊದಲ ಹಿಮಗಾಳಿ ಬಂದಾಗ ಆ ಚಿಗುರು ಇನ್ನೂ ಕೆಂಪಗೆ, ಮೆತ್ತಗೆ ಇತ್ತು. ವಸಂತದಲ್ಲಿ ಸತ್ತಿದ್ದು ಅದೇ ಭಾಗ, ತುದಿಯಿಂದ ಒಂದು ಗೇಣಿನಷ್ಟು. ಮೂರನೆಯ ಮರದಲ್ಲಿ ತುದಿಸಾವು ಹುಡುಕಿದರೆ ಮಾತ್ರ ಸಿಗುವಷ್ಟಿತ್ತು.

ಮೊದಲು ರೆಂಬೆ, ಆಮೇಲೆ ಎಲೆ

ಮರ ಹಸಿದಿದೆಯೇ ಎಂದು ಕೇಳಬೇಕಾದ್ದು ಮರವನ್ನೇ. ಅದಕ್ಕೆ ಸುಲಭದ ದಾರಿಯಿದೆ. ಪ್ರತಿ ವರ್ಷ ತುದಿಮೊಗ್ಗು ಬಿಚ್ಚಿಕೊಂಡ ಜಾಗದಲ್ಲಿ ರೆಂಬೆಯ ಸುತ್ತ ಸಣ್ಣ ಬಳೆಗಳಂಥ ಗುರುತು ಉಳಿಯುತ್ತದೆ. ಒಂದು ಗುರುತಿನಿಂದ ಮುಂದಿನದಕ್ಕೆ ಇರುವ ಅಂತರ ಆ ವರ್ಷದ ಬೆಳವಣಿಗೆ. ತುದಿಯಿಂದ ಹಿಂದಕ್ಕೆ ಅಳೆಯುತ್ತ ಹೋದರೆ ನಾಲ್ಕೈದು ವರ್ಷಗಳ ಇತಿಹಾಸ ಕೈಗೆ ಸಿಗುತ್ತದೆ. ಎಳೆಯ ನೆರಳುಮರ ವರ್ಷಕ್ಕೆ 25–30 ಸೆಂಟಿಮೀಟರ್ ಚಾಚುತ್ತಿದ್ದರೆ ಅದಕ್ಕೆ ಸಾರಜನಕದ ಕೊರತೆ ಇದೆ ಎನ್ನಲು ಆಧಾರವಿಲ್ಲ. ಈ ಮೂರೂ ಮರಗಳು ಗೂಟ ಹಾಕುವ ಮೊದಲೇ, ನೆಟ್ಟ ಎರಡು ವರ್ಷ ಕುಂಟಿದ ಮೇಲೆ, ಅದಕ್ಕಿಂತ ಹೆಚ್ಚು ಬೆಳೆದಿದ್ದವು.

ಆ ಎರಡು ವರ್ಷಗಳ ಕುಂಟುವಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಗೂಟ ಕೊಳ್ಳುವವರಲ್ಲಿ ಬಹಳ ಮಂದಿಯನ್ನು ಅದು ದಾರಿ ತಪ್ಪಿಸುತ್ತದೆ. ನರ್ಸರಿಯ ನೆಲದಿಂದ ಮಣ್ಣಿನ ಹೆಂಟೆಯೊಂದಿಗೆ ಕಿತ್ತ ಮರ ತನ್ನ ಬೇರಿನ ಬಹುಪಾಲನ್ನು ಅಲ್ಲೇ ಬಿಟ್ಟು ಬರುತ್ತದೆ. ಚಳಿ ಪ್ರದೇಶದಲ್ಲಿ ಬೇರು ಬೆಳೆಯುವ ತಿಂಗಳುಗಳು ಕಡಿಮೆ. ಕಾಂಡದ ಪ್ರತಿ 2.5 ಸೆಂಟಿಮೀಟರ್ ವ್ಯಾಸಕ್ಕೆ ಸುಮಾರು ಒಂದು ವರ್ಷ ಸುಧಾರಿಸಿಕೊಳ್ಳಲು ಬೇಕು. ಬೆಚ್ಚನೆಯ ಪ್ರದೇಶದಲ್ಲಿ ಇದೇ ಕೆಲಸ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. 5 ಸೆಂಟಿಮೀಟರಿನ ಮರ ಎರಡು ವರ್ಷ ಸುಮ್ಮನೆ ನಿಂತರೆ ಅದು ಬೇರು ಕಟ್ಟಿಕೊಳ್ಳುತ್ತಿದೆ ಎಂದರ್ಥ. ಆಗ ಅದಕ್ಕೆ ಬೇಕಾದದ್ದು ನೀರು.

ಎಲೆಗಳ ಹಳದಿಯೂ ಹಸಿವಿನ ಹಳದಿಯಾಗಿರಲಿಲ್ಲ. ಸಾರಜನಕ ಕಡಿಮೆಯಾದಾಗ ಮರ ಹಳೆಯ ಎಲೆಗಳಿಂದ ಅದನ್ನು ಹಿಂದಕ್ಕೆ ಎಳೆದು ಹೊಸ ಎಲೆಗೆ ಕಳಿಸುತ್ತದೆ; ಹಾಗಾಗಿ ಕೆಳಗಿನ ಹಳೆಯ ಎಲೆಗಳು ಮೊದಲು, ನರಗಳೂ ಸೇರಿ ಒಂದೇ ಸಮ, ಮಂಕಾಗುತ್ತವೆ. ಇಲ್ಲಿ ತುದಿಯ ಹೊಸ ಎಲೆಗಳಲ್ಲಿ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗಿತ್ತು. ಮಣ್ಣಿನಿಂದ ಕಬ್ಬಿಣ ಅಥವಾ ಮ್ಯಾಂಗನೀಸ್ ಸಿಗದಿದ್ದಾಗ ಕಾಣುವ ಲಕ್ಷಣ ಇದು. ಕೆಂಪು ಮೇಪಲ್ ಕ್ಷಾರ ಮಣ್ಣಿನಲ್ಲಿ ಮ್ಯಾಂಗನೀಸ್ ಕೊರತೆಗೆ ಹೆಸರಾದ ಮರ. ದಾರಿಯ ಪಕ್ಕದ ಮರಕ್ಕೆ, ಚಳಿಗಾಲದಲ್ಲಿ ಹಿಮ ಕರಗಿಸಲು ಎರಚುವ ಉಪ್ಪಿನ ಪೆಟ್ಟು ಬಿದ್ದಿರಬಹುದೇ ಎಂದೂ ನೋಡಿದೆ. ಉಪ್ಪಿನದಾಗಿದ್ದರೆ ಎಲೆಯ ಅಂಚು ಸುಟ್ಟಂತೆ ಕಂದಾಗಿರಬೇಕಿತ್ತು, ಅಂಚುಗಳು ಸ್ವಚ್ಛವಾಗಿದ್ದವು.

ಮಣ್ಣಿಗೆ ಒಂದು ಚಮಚ ವಿನೆಗರ್ ಹಾಕಿದಾಗ ಮೊದಲ ಮರದ ಬುಡದ ಮಣ್ಣು ಚುರುಗುಟ್ಟಿ ನೊರೆ ಎದ್ದಿತು, ಎಂದರೆ ಅದರಲ್ಲಿ ಬಿಡಿ ಸುಣ್ಣ ಇದೆ. ಎರಡನೆಯದರಲ್ಲಿ ಸ್ವಲ್ಪ, ಮೂರನೆಯದರಲ್ಲಿ ಇಲ್ಲ. ಪ್ರಯೋಗಾಲಯದ ವರದಿ ಇದನ್ನೇ ಹೇಳಿತು: ದಾರಿಯ ಪಕ್ಕ ರಸಸಾರ (ಮಣ್ಣಿನ ಆಮ್ಲ-ಕ್ಷಾರದ ಅಳತೆ, pH) 7.9, ಪಾತಿಯಲ್ಲಿ 6.8. ರಂಜಕ ಮೂರೂ ಕಡೆ ಸಾಕಷ್ಟು, ದಾರಿಯ ಪಕ್ಕ ಮಿತಿಮೀರಿ. ಕಾಂಕ್ರೀಟ್ ಹಾಕುವಾಗ ಉಳಿದ ಸಿಮೆಂಟು, ಜಲ್ಲಿಚೂರುಗಳನ್ನು ಅಲ್ಲೇ ಮಣ್ಣಿನಲ್ಲಿ ಮುಚ್ಚಿದ್ದು ಮನೆಯವರಿಗೆ ಆಗ ನೆನಪಾಯಿತು. ರಂಜಕ ಹೆಚ್ಚಾದಷ್ಟೂ ಮರಕ್ಕೆ ಕಬ್ಬಿಣ, ಮ್ಯಾಂಗನೀಸ್‌ಗಳು ಸಿಗುವುದು ಇನ್ನೂ ಕಷ್ಟವಾಗಬಲ್ಲದು. ಗೂಟದಲ್ಲಿದ್ದ ರಂಜಕ ಆ ಮಣ್ಣಿಗೆ ಸೇರಬಾರದಿತ್ತು.

ಗೂಟವನ್ನು ಅಗೆದು ನೋಡಿದಾಗ

ಹಿಂದಿನ ವರ್ಷ ಹೂತ ಗೂಟಗಳಲ್ಲಿ ಕೆಲವನ್ನು ಅಗೆದು ತೆಗೆಯಲು ಮನೆಯವರು ಒಪ್ಪಿದರು. ಎರಡು ಗೂಟಗಳನ್ನು ಅಗೆಯಬೇಕಾಗಲೇ ಇಲ್ಲ. ನೆಲ ಹೆಪ್ಪುಗಟ್ಟಿ ಕರಗುವ ಏರಿಳಿತದಲ್ಲಿ ಅವು ಮೇಲಕ್ಕೆ ಎದ್ದು ತಲೆ ಹೊರಗೆ ಹಾಕಿದ್ದವು. ಉಳಿದವು ಅರ್ಧ ಸವೆದು ಇನ್ನೂ ಗಟ್ಟಿಯಾಗಿದ್ದವು. ಗೂಟದ ಸುತ್ತ ಅಂಗೈ ಅಗಲದಷ್ಟು ಜಾಗದಲ್ಲಿ ಹೀರುಬೇರುಗಳು ಕಪ್ಪಾಗಿ ಸತ್ತಿದ್ದವು, ಮೇಲಿನ ಹುಲ್ಲು ಒಣಗಿತ್ತು. ಅದರಾಚೆ ಒಂದು ಉಂಗುರದಲ್ಲಿ ಬೇರುಗಳು ದಟ್ಟವಾಗಿ ನೆರೆದಿದ್ದವು, ಹುಲ್ಲು ಕಡುಹಸಿರಾಗಿತ್ತು. ಅದರಿಂದ ಮುಂದಕ್ಕೆ ಏನೂ ವಿಶೇಷವಿಲ್ಲ.

ಈ ನೋಟದ ಹಿಂದಿನ ಲೆಕ್ಕ ಸರಳ. ಮರದ ಆಹಾರ ಹೀರುವ ಬೇರುಗಳು ಆಳಕ್ಕಿಂತ ಅಗಲಕ್ಕೆ ಹೋಗುತ್ತವೆ. ಬಹುಪಾಲು ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತವೆ. ರೆಂಬೆಗಳ ಅಂಚನ್ನು ದಾಟಿ ಅದರ ಎರಡು ಮೂರು ಪಟ್ಟು ದೂರ ಹರಡಬಲ್ಲವು. ಈ ಮರದ ಬೇರು 4 ಮೀಟರ್ ತ್ರಿಜ್ಯದಲ್ಲಿ ಹರಡಿದೆ ಎಂದುಕೊಂಡರೆ ವಿಸ್ತೀರ್ಣ ಸುಮಾರು 50 ಚದರ ಮೀಟರ್. ನಿಧಾನವಾಗಿ ಕರಗುವ ಗೊಬ್ಬರದಲ್ಲಿ ಮರಗಳಿಗೆ ವರ್ಷಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ 100 ಚದರ ಮೀಟರಿಗೆ 1ರಿಂದ 2 ಕಿಲೋ ಸಾರಜನಕ, ಅಂದರೆ ಚದರ ಮೀಟರಿಗೆ 10ರಿಂದ 20 ಗ್ರಾಂ. ನಾಲ್ಕು ಗೂಟ ಕೊಡುವುದು 64 ಗ್ರಾಂ; ಇಡೀ ಬೇರಿನ ಹರವಿಗೆ ಹಂಚಿದರೆ ಚದರ ಮೀಟರಿಗೆ ಒಂದೂಕಾಲು ಗ್ರಾಂ ಚಿಲ್ಲರೆ. ಆದರೆ ಅದು ಹಂಚಿಹೋಗುವುದಿಲ್ಲ. ಒಂದು ಗೂಟದ 16 ಗ್ರಾಂ ಸಾರಜನಕ 20 ಸೆಂಟಿಮೀಟರ್ ಅಗಲದ ವೃತ್ತದಲ್ಲೇ ಉಳಿದರೆ ಅಲ್ಲಿನ ಪ್ರಮಾಣ ಚದರ ಮೀಟರಿಗೆ 500 ಗ್ರಾಂ ಮೀರುತ್ತದೆ. ಶಿಫಾರಸಿನ 25ರಿಂದ 50 ಪಟ್ಟು. ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂಬ ಕಾರಣಕ್ಕೆ ಸುಡುವಿಕೆ ಕಡಿಮೆಯಾಗುತ್ತದೆ ನಿಜ, ಇಲ್ಲವಾಗುವುದಿಲ್ಲ. ಮಣ್ಣಿನಲ್ಲಿ ನೈಟ್ರೇಟ್ ನೀರಿನೊಡನೆ ಸರಿಯುತ್ತದೆ. ಪೊಟ್ಯಾಶ್ ಅಷ್ಟಿಷ್ಟು ಸರಿಯುತ್ತದೆ. ರಂಜಕ ಇದ್ದಲ್ಲೇ ಕೂರುತ್ತದೆ. ಹೀಗೆ ಮರಕ್ಕೆ ಒಟ್ಟಿನಲ್ಲಿ ಸಾಲದು, ಗೂಟ ಇದ್ದಲ್ಲಿ ಅತಿಯಾಯಿತು. ಎರಡೂ ಮಾತು ಒಂದೇ ಸಮಯಕ್ಕೆ ನಿಜ.

ಒಟ್ಟು ಪ್ರಮಾಣ ಅಷ್ಟು ಕಡಿಮೆಯಿದ್ದರೆ ಆಗಸ್ಟ್‌ನಲ್ಲಿ ಚಿಗುರು ಉಕ್ಕಿದ್ದು ಹೇಗೆ? ಇದನ್ನು ಕೇಳಿದಾಗ ಹೊರಬಂದ ಸಂಗತಿ: ಹುಲ್ಲುಹಾಸಿಗೆ ಮನೆಯವರು ಬೇರೆಯಾಗಿ ಗೊಬ್ಬರ ಹಾಕಿಸುತ್ತಿದ್ದರು, ವರ್ಷಕ್ಕೆ ಎರಡು ಸಲ, ಎರಡನೆಯದು ಬೇಸಿಗೆಯ ನಡುವೆ. ಹುಲ್ಲಿನ ಬೇರಿನ ನಡುವೆಯೇ ಮರದ ಹೀರುಬೇರುಗಳೂ ಇರುತ್ತವೆ. ಹುಲ್ಲಿಗೆ ಹಾಕಿದ್ದರಲ್ಲಿ ಮರ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹುಲ್ಲಿಗೆ ಗೊಬ್ಬರ ಬೀಳುವ ಕಡೆ ನಿಂತ ಮರಕ್ಕೆ ಪ್ರತ್ಯೇಕ ಗೊಬ್ಬರ ಬೇಕಾಗುವುದು ಅಪರೂಪ. ಪಾತಿಯಲ್ಲಿದ್ದ ಮೂರನೆಯ ಮರಕ್ಕೆ ಹುಲ್ಲಿನ ಗೊಬ್ಬರವೂ ಸಿಗಲಿಲ್ಲ, ಎರಡನೆಯ ಸುತ್ತಿನ ಗೂಟವೂ ಸಿಗಲಿಲ್ಲ. ಅದು ಉಳಿದದ್ದಕ್ಕೆ ಯಾವುದರ ಪಾಲು ಎಷ್ಟು ಎಂದು ಒಂದು ಅಂಗಳದ ಮೂರು ಮರಗಳಿಂದ ಬೇರ್ಪಡಿಸಿ ಹೇಳಲಾಗದು. ದಿಕ್ಕು ಮಾತ್ರ ಎರಡರದ್ದೂ ಒಂದೇ.

ನಿಧಾನದ ಗೊಬ್ಬರಕ್ಕೆ ಚಳಿ ಸೇರಿದರೆ

ಪ್ರಕರಣದ ತಿರುಳು ನನ್ನ ಮಟ್ಟಿಗೆ ಇಲ್ಲಿದೆ. ಗೊಬ್ಬರ ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂದಾಗ ಎಲ್ಲರೂ ಊಹಿಸುವುದು ಹಾಕಿದ ದಿನದಿಂದ ಸಮನಾಗಿ, ದಿನಕ್ಕಿಷ್ಟೆಂದು ಹೊರಬರುವ ಗೊಬ್ಬರವನ್ನು. ಬಿಡುಗಡೆ ಹಾಗೆ ಆಗುವುದಿಲ್ಲ. ಈ ಗೂಟದ ಸಾರಜನಕದ ಬಹುಪಾಲು ಯೂರಿಯಾ ಫಾರ್ಮಾಲ್ಡಿಹೈಡ್ ರೂಪದಲ್ಲಿತ್ತು. ಅದನ್ನು ಒಡೆದು ಬೇರಿಗೆ ಸಿಗುವಂತೆ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಮಣ್ಣಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಅವುಗಳ ಕೆಲಸ ಬಹಳ ಮಂದ. ಮಣ್ಣು ಕಾದಷ್ಟೂ ಚುರುಕು. ಪ್ಲಾಸ್ಟಿಕ್ ಲೇಪನದ ಹರಳುಗೊಬ್ಬರ ಸೂಕ್ಷ್ಮಜೀವಿಗಳನ್ನು ನಂಬಿಲ್ಲವಾದರೂ ಅದೂ ಉಷ್ಣತೆಗೆ ತಕ್ಕಂತೆಯೇ ಬಿಡುವುದು. ಪೊಟ್ಟಣದ ಮೇಲೆ ಬರೆದ ತಿಂಗಳ ಲೆಕ್ಕ 21 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ಮಣ್ಣನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು.

ಹಾಗಾಗಿ ಚಳಿ ಪ್ರದೇಶದಲ್ಲಿ ಮೇ ಮೊದಲ ವಾರ ಹೂತ ಗೂಟ ಜೂನ್‌ವರೆಗೆ ಬಹುತೇಕ ಸುಮ್ಮನಿರುತ್ತದೆ. ಮನೆಯವರಿಗೆ ಫಲ ಕಾಣದಿದ್ದದ್ದು ಅದಕ್ಕೇ. ಇನ್ನೊಂದು ಕಾರಣವೂ ಇದೆ: ವಸಂತದ ಮೊದಲ ಎಲೆಗಳನ್ನು ಮರ ಕಟ್ಟುವುದು ಹೆಚ್ಚಾಗಿ ಹಿಂದಿನ ಶರತ್ಕಾಲದಲ್ಲಿ ಎಲೆಗಳಿಂದ ಹಿಂತೆಗೆದು ತೊಗಟೆಯಲ್ಲೂ ಬೇರಿನಲ್ಲೂ ಕೂಡಿಟ್ಟ ಸಾರಜನಕದಿಂದ. ತಣ್ಣನೆಯ ನೆಲದಲ್ಲಿ ಹೊಸ ಗೊಬ್ಬರ ಹೀರುವ ಶಕ್ತಿ ಬೇರಿಗೆ ಆಗ ಇನ್ನೂ ಬಂದಿರುವುದಿಲ್ಲ. ಮೇ ತಿಂಗಳ ಎಲೆ ನೋಡಿ ಮೇ ತಿಂಗಳ ಗೊಬ್ಬರವನ್ನು ಅಳೆಯುವಂತಿಲ್ಲ. ಆದರೆ ತಾಳ್ಮೆಗೆಟ್ಟು ಹೂತ ಜೂನ್‌ನ ಗೂಟ, ಮೇ ತಿಂಗಳ ಗೂಟ, ಹುಲ್ಲಿನ ಗೊಬ್ಬರ, ಈ ಮೂರೂ ಮಣ್ಣು ಅತಿ ಬೆಚ್ಚಗಿರುವ ಜುಲೈ, ಆಗಸ್ಟ್‌ನಲ್ಲಿ ಒಟ್ಟಿಗೆ ಬಾಯಿ ತೆರೆದವು.

ಮರ ಬಾಗಿಲು ಹಾಕಿಕೊಳ್ಳಬೇಕಾದ ಹೊತ್ತು ಅದು. ಹಗಲು ಕಿರಿದಾಗುವುದನ್ನು ಗ್ರಹಿಸಿ ಮರ ಬೆಳವಣಿಗೆ ನಿಲ್ಲಿಸುತ್ತದೆ, ತುದಿಮೊಗ್ಗು ಕಟ್ಟುತ್ತದೆ, ಎಳೆಯ ರೆಂಬೆ ಬಲಿತು ಕಟ್ಟಿಗೆಯಾಗುತ್ತದೆ. ಆಮೇಲೆ ತಣ್ಣನೆಯ ರಾತ್ರಿಗಳು ಅದನ್ನು ಇನ್ನಷ್ಟು ಗಟ್ಟಿಮಾಡುತ್ತವೆ. ಹೀಗೆ ಸಿದ್ಧವಾದ ಕೆಂಪು ಮೇಪಲ್ ರೆಂಬೆ ಜನವರಿಯಲ್ಲಿ ಮೈನಸ್ 35 ಡಿಗ್ರಿಯನ್ನೂ ತಡೆಯುತ್ತದೆ. ಸಿದ್ಧವಾಗದ ಚಿಗುರು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಾದರೂ ಸಾಯುತ್ತದೆ. ಕೆಂಪು ಮೇಪಲ್ ಎಳವೆಯಲ್ಲಿ ನೀರು, ಸಾರಜನಕ ಸಿಕ್ಕಷ್ಟು ದಿನ ಹೊಸ ಎಲೆ ಬಿಡುತ್ತ ಹೋಗಬಲ್ಲ ಮರ. ಸ್ಪ್ರೂಸ್‌ನಂಥ ಸೂಜಿಯೆಲೆಯ ಶಂಕುಮರದಲ್ಲಿ ವರ್ಷದ ಚಿಗುರು ಹಿಂದಿನ ವರ್ಷದ ಮೊಗ್ಗಿನೊಳಗೇ ಮಡಚಿಟ್ಟಿರುವುದರಿಂದ ಅದಕ್ಕೆ ಈ ಅಪಾಯ ಕಡಿಮೆ. ತಡವಾಗಿ ಕೊಟ್ಟ ಗೊಬ್ಬರವೆಲ್ಲ ಮರ ಕೊಲ್ಲುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಶಂಕುಮರದ ಸಸಿಗಳಿಗೆ ಮೊಗ್ಗು ಕಟ್ಟಿದ ಮೇಲೆ ಶರತ್ಕಾಲದಲ್ಲಿ ಪೋಷಕಾಂಶ ತುಂಬಿಸುವುದು ನರ್ಸರಿಗಳಲ್ಲಿ ಒಪ್ಪಿತ ಪದ್ಧತಿ. ಹಾನಿ ಮಾಡುವುದು ಬೆಳವಣಿಗೆಯನ್ನು ಎಳೆದು ಉದ್ದ ಮಾಡುವ ಗೊಬ್ಬರ, ಅಂದರೆ ಬೇಸಿಗೆಯ ದ್ವಿತೀಯಾರ್ಧದಲ್ಲಿ ಕೈಗೆ ಸಿಗುವ ಸಾರಜನಕ.

ಏನು ಮಾಡಿದೆವು

ಸಿಕ್ಕ ಗೂಟಗಳನ್ನೆಲ್ಲ ಕಿತ್ತು ತೆಗೆದೆವು. ಆ ವರ್ಷ ಮರಗಳಿಗೆ ಸಾರಜನಕ ಬೇಡವೆಂದು ನಿರ್ಧರಿಸಿದೆವು. ಹುಲ್ಲಿನ ಬೇಸಿಗೆಯ ಗೊಬ್ಬರವನ್ನೂ ನಿಲ್ಲಿಸಿದೆವು. ಸತ್ತ ತುದಿಗಳನ್ನು ಎಲೆ ಪೂರ್ತಿ ಬಿಚ್ಚುವವರೆಗೆ ಮುಟ್ಟದೆ, ಎಲ್ಲಿ ಜೀವವಿದೆ ಎಂಬುದು ಸ್ಪಷ್ಟವಾದ ಮೇಲೆ ಜೀವಂತ ಮೊಗ್ಗಿನ ಮೇಲಕ್ಕೆ ಕತ್ತರಿಸಿದೆವು. ಹುಲ್ಲುಹಾಸಿನ ಎರಡು ಮರಗಳ ಬುಡದ ಸುತ್ತ ಹುಲ್ಲು ತೆಗೆದು, ಕಾಂಡಕ್ಕೆ ತಾಗದಂತೆ 5–8 ಸೆಂಟಿಮೀಟರ್ ದಪ್ಪಕ್ಕೆ ಮರದ ಚೂರು ಹಾಸಿದೆವು.

ಮ್ಯಾಂಗನೀಸ್‌ನ ವಿಷಯ ಕಠಿಣವಾಗಿತ್ತು. ಗಂಧಕ ಹಾಕಿ ರಸಸಾರ ಇಳಿಸಬಹುದೆಂದು ಮನೆಯವರು ಓದಿದ್ದರು. ಗಂಧಕವನ್ನು ಆಮ್ಲವಾಗಿಸುವುದೂ ಮಣ್ಣಿನ ಬ್ಯಾಕ್ಟೀರಿಯಾಗಳೇ. ತಣ್ಣನೆಯ ನೆಲದಲ್ಲಿ ಅವೂ ನಿಧಾನ. ಮೇಲಾಗಿ ವಿನೆಗರಿಗೆ ನೊರೆಯೇಳುವಷ್ಟು ಸುಣ್ಣವಿರುವ ಮಣ್ಣಿನಲ್ಲಿ ಹುಟ್ಟಿದ ಆಮ್ಲವನ್ನೆಲ್ಲ ಸುಣ್ಣ ನುಂಗುತ್ತದೆ. ಎರಡನೆಯ ಮರದ ಬಳಿ ಗಂಧಕಕ್ಕೆ ಅರ್ಥವಿತ್ತು, ಹಾಕಿದೆವು. ಮೊದಲನೆಯದಕ್ಕೆ ಇರುವ ದಾರಿ ಕಾಂಡಕ್ಕೆ ಮ್ಯಾಂಗನೀಸ್ ಚುಚ್ಚುವುದು. ಅದು ಫಲ ಕೊಡುತ್ತದೆ, ಆದರೆ ಪ್ರತಿ ಸಲ ಕಾಂಡಕ್ಕೆ ಗಾಯವಾಗುತ್ತದೆ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾಡಬೇಕು. ಅದನ್ನು ಎದುರಿಗೇ ಹೇಳಿದೆ. ಒಂದು ಸಲ ಮಾಡಿಸಿ ನೋಡೋಣ ಎಂದು ಮನೆಯವರು ಒಪ್ಪಿದರು.

ಮುಂದಿನ ವಸಂತದಲ್ಲಿ ಮೂರು ಮರಗಳಲ್ಲೂ ತುದಿಸಾವು ಇರಲಿಲ್ಲ. ಒಂದು ಚಳಿಗಾಲದಿಂದ ತೀರ್ಪು ಕೊಡಬಾರದೆಂದು ಕಾದೆವು. ಅದರ ಮುಂದಿನ ವಸಂತದಲ್ಲೂ ಇರಲಿಲ್ಲ. ಎರಡನೆಯ ಮರದ ಹಳದಿ ಬಹಳಷ್ಟು ಇಳಿದಿದೆ. ಮೊದಲನೆಯದು ಚುಚ್ಚಿದ ವರ್ಷ ಹಸಿರಾಗಿ, ಮುಂದಿನ ವರ್ಷ ಮತ್ತೆ ಮಂಕಾಗತೊಡಗಿತು. ಅದನ್ನು ತೆಗೆದು, ಸುಣ್ಣದ ಮಣ್ಣನ್ನು ತಾಳುವ ಬೇರೆ ಮರ ನೆಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮನೆಯವರಿಗೆ ಇನ್ನೂ ಮನಸ್ಸು ಬಂದಿಲ್ಲ. ತಾವೇ ನೆಟ್ಟು ಬೆಳೆಸಿದ ಮರ, ಅವರ ಸಂಕಟ ಅರ್ಥವಾಗುತ್ತದೆ.

ಗೂಟಗಳೇ ಬೇಡ ಎನ್ನುವುದು ನನ್ನ ನಿಲುವಲ್ಲ. ಇಳಿಜಾರಿನಲ್ಲಿ, ಹಳ್ಳ ಕೆರೆಗಳ ಹತ್ತಿರ, ಮೇಲೆ ಎರಚಿದ ಹರಳುಗೊಬ್ಬರ ಹಿಮ ಕರಗಿದ ನೀರಿನೊಡನೆ ಹರಿದುಹೋಗುತ್ತದೆ. ಹೂತ ಗೂಟ ಹಾಗೆ ಹೋಗುವುದಿಲ್ಲ. ಸುತ್ತ ಕಲ್ಲು ಹಾಸಿದ, ಬೇರಿಗೆ ಸಣ್ಣ ಜಾಗವಷ್ಟೇ ಇರುವ ಮರಕ್ಕೂ ಅದು ಅನುಕೂಲ. ಅಂಥ ಕಡೆ, ಮಣ್ಣು ಪರೀಕ್ಷೆಯೂ ರೆಂಬೆಯ ಅಳತೆಯೂ ಸಾರಜನಕ ಬೇಕೆಂದು ಹೇಳಿದ ಮೇಲೆ, ಗೂಟವನ್ನು ಎರಡು ಮೂರು ತುಂಡು ಮಾಡಿ ಹೆಚ್ಚು ಕಡೆಗಳಲ್ಲಿ ಹೂಳುವುದು ಒಳ್ಳೆಯದು. ರಂಜಕ ಸಾಕಷ್ಟಿರುವ ಮಣ್ಣಿಗೆ ರಂಜಕವಿಲ್ಲದ ಗೊಬ್ಬರವನ್ನೇ ಆರಿಸಬೇಕು. ಮಣ್ಣು ತೇವವಾಗಿರಬೇಕು, ಒಣಮಣ್ಣಿನಲ್ಲಿ ಗೂಟ ಮುರಿಯುತ್ತದೆ, ಬೇರು ಸುಡುತ್ತದೆ.

ಕಾಲದ ಬಗ್ಗೆ ನನ್ನ ಸಲಹೆ ಪೊಟ್ಟಣದ ಸೂಚನೆಗಿಂತ ಬೇರೆ. ಯೂರಿಯಾ ಫಾರ್ಮಾಲ್ಡಿಹೈಡ್ ಗೂಟವನ್ನು ಚಳಿ ಪ್ರದೇಶದಲ್ಲಿ ಹೂಳಲು ನಾನು ಹೆಚ್ಚು ಒಪ್ಪುವ ಸಮಯ ಎಲೆಗಳೆಲ್ಲ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮೊದಲು. ಆಗ ಮರ ಮಲಗಿರುತ್ತದೆ, ಚಿಗುರುವ ಭಯವಿಲ್ಲ. ತಣ್ಣನೆಯ ಮಣ್ಣಿನಲ್ಲಿ ಗೂಟದ ಬಹುಪಾಲು ಸಾರಜನಕ ಕರಗದೆ ಉಳಿಯುವುದರಿಂದ ಹಿಮ ಕರಗಿದ ನೀರಿಗೆ ಸೋರಿಹೋಗುವುದೂ ಕಡಿಮೆ. ವಸಂತದಲ್ಲಿ ಮಣ್ಣು ಕಾಯತೊಡಗಿದಾಗ ಅದು ಬೇರಿನ ಪಕ್ಕದಲ್ಲೇ ಇರುತ್ತದೆ. ಆಳವಾಗಿ ಹೂತು ಮೇಲೆ ಹೊದಿಕೆ ಹಾಕಿದರೆ ನೆಲ ಅದನ್ನು ಮೇಲಕ್ಕೆ ತಳ್ಳುವುದೂ ಕಡಿಮೆಯಾಗುತ್ತದೆ. ಆಗ ತಪ್ಪಿದರೆ, ಹತ್ತು ಸೆಂಟಿಮೀಟರ್ ಆಳದ ಮಣ್ಣು 10 ಡಿಗ್ರಿ ಮುಟ್ಟಿದ ವಾರವೇ ಹೂಳಬೇಕು. ಮಣ್ಣಿಗೆ ಚುಚ್ಚುವ ಸಾದಾ ಥರ್ಮಾಮೀಟರ್ ಸಾಕು. ಜೂನ್‌ನಲ್ಲಿ ಎರಡನೆಯ ಸುತ್ತು ಯಾವ ಕಾರಣಕ್ಕೂ ಬೇಡ.

ಈ ಅಂಗಳದಲ್ಲಿ ಒಂದು ಪೊಟ್ಟಣ ಗೂಟವನ್ನು ಮನೆಯವರು ಮೂರನೆಯ ಮರಕ್ಕೆಂದು ಎತ್ತಿಟ್ಟಿದ್ದಾರೆ. ಅದರ ಚಿಗುರಿನ ಉದ್ದವನ್ನು ಪ್ರತಿ ಅಕ್ಟೋಬರ್‌ನಲ್ಲಿ ಅಳೆದು ಬರೆದಿಡುತ್ತಾರೆ. ಎರಡು ವರ್ಷ ಸತತವಾಗಿ 15 ಸೆಂಟಿಮೀಟರಿಗಿಂತ ಕೆಳಗಿಳಿದರೆ ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ಪೊಟ್ಟಣ ಬಿಚ್ಚುವುದೆಂದು ಒಪ್ಪಂದವಾಗಿದೆ. ಕಳೆದ ಅಕ್ಟೋಬರ್‌ನ ಅಳತೆ ಇನ್ನೂ ಅದರ ಇಮ್ಮಡಿಗಿಂತ ಮೇಲಿತ್ತು.